ಹುಟ್ಟಿದ ದಿನ, ಮಡಿದ ದಿನ: ಮಾರ್ಚ್ 25ರ ಲೆಕ್ಕ ಮತ್ತು ಧರ್ಮಸಭೆಯ ನೆನಪು

ಮರಣ ಸಂಭವಿಸಿದ ಮನೆಗೆ ಹೋಗುವ ಧರ್ಮಗುರುವಿಗೆ ಆಗಾಗ ಎದುರಾಗುವ ಪ್ರಶ್ನೆಯೊಂದಿದೆ: “ಫಾದರ್, ಅಪ್ಪ ಹುಟ್ಟಿದ ದಿನವೇ ತೀರಿಕೊಂಡರು. ದೇವರು ಇದರಲ್ಲಿ ಏನನ್ನೋ ಹೇಳುತ್ತಿರಬೇಕಲ್ಲವೇ?” ಕೇಳುವವರ ದನಿಯಲ್ಲಿ ದುಃಖದೊಡನೆ ಒಂದು ಬಗೆಯ ಸಮಾಧಾನವೂ ಇರುತ್ತದೆ. ಅದೇ ಸಮಾಧಿಭೂಮಿಯ ಇನ್ನೊಂದು ಮೂಲೆಯಲ್ಲಿ, ಕೆಲವೇ ದಿನ ಬದುಕಿದ ಕೂಸಿನ ಕಲ್ಲಿನ ಮುಂದೆ ನಿಂತ ತಾಯಿ ಏನನ್ನೂ ಕೇಳುವುದಿಲ್ಲ. ಅವಳ ಮುಂದಿರುವ ಎರಡು ದಿನಾಂಕಗಳು ಯಾವ ವಿನ್ಯಾಸಕ್ಕೂ ಹೊಂದುವುದಿಲ್ಲ. ಈ ಇಬ್ಬರಿಗೂ ಸಲ್ಲುವ ಮಾತು ನಮ್ಮಲ್ಲಿದೆಯೇ? ಜನನ ಮರಣಗಳ ದಿನಾಂಕಗಳಲ್ಲಿ ಅರ್ಥವನ್ನು ಹುಡುಕುವ ಕಾರ್ಯವನ್ನು ಧರ್ಮಸಭೆಯೇ ತನ್ನ ಆದಿ ಶತಮಾನಗಳಲ್ಲಿ ಕೈಗೊಂಡಿತ್ತಾದ್ದರಿಂದ, ಉತ್ತರವನ್ನು ನಾವು ಆ ಇತಿಹಾಸದಲ್ಲಿಯೇ ಅರಸಬೇಕಾಗಿದೆ.

ಮಾರ್ಚ್ 25

ಸುಮಾರು ಕ್ರಿ.ಶ. 200ರ ವೇಳೆಗೆ ಉತ್ತರ ಆಫ್ರಿಕದ ತೆರ್ತುಲ್ಲಿಯನ್ ಯೆಹೂದ್ಯರಿಗೆ ಉತ್ತರವಾಗಿ ಬರೆದ ಗ್ರಂಥದಲ್ಲಿ ಪ್ರಭುವಿನ ಮರಣದ ದಿನವನ್ನು ಗುರುತಿಸುತ್ತಾನೆ. ರೋಮನ್ ಗಣನೆಯಲ್ಲಿ ಏಪ್ರಿಲ್ ಪ್ರಾರಂಭಕ್ಕೆ ಎಂಟನೆಯ ದಿನವೆನಿಸುವ ಅದು ನಮ್ಮ ಲೆಕ್ಕಕ್ಕೆ ಮಾರ್ಚ್ 25. ಎರಡು ಶತಮಾನಗಳ ಅನಂತರ ಸಂತ ಅಗಸ್ಟೀನರು ‘ತ್ರಿತ್ವವನ್ನು ಕುರಿತು’ ಎಂಬ ತಮ್ಮ ಕೃತಿಯ ನಾಲ್ಕನೆಯ ಭಾಗದಲ್ಲಿ ಇದಕ್ಕೆ ಇನ್ನೊಂದು ಅಂಶವನ್ನು ಜೋಡಿಸುತ್ತಾರೆ: ಪ್ರಭು ತಾಯಿಯ ಗರ್ಭದಲ್ಲಿ ಉದಯಿಸಿದ್ದೂ ಅದೇ ದಿನವೆಂಬ ನಂಬಿಕೆ ಇತ್ತು. ಯಾರೂ ಅದುವರೆಗೆ ರೂಪುಗೊಂಡಿರದ ಗರ್ಭಕ್ಕೂ ಯಾರನ್ನೂ ಅದುವರೆಗೆ ಇರಿಸಿರದ ಸಮಾಧಿಗೂ ಅವರು ಸಾಮ್ಯವನ್ನು ಕಾಣುತ್ತಾರೆ. ಮಾರ್ಚ್ 25ರಿಂದ ಡಿಸೆಂಬರ್ 25ರವರೆಗೆ ಎರಡು ತುದಿಗಳನ್ನೂ ಸೇರಿಸಿ ಎಣಿಸಿದರೆ 276 ದಿನಗಳು. 276 ಎಂದರೆ 46ರ ಆರು ಪಟ್ಟು. ಯೊವಾನ್ನರ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಜೆರುಸಲೇಮಿನ ದೇವಾಲಯವನ್ನು ಕಟ್ಟಲು ಹಿಡಿದ ವರ್ಷಗಳು 46. ಪ್ರಭುವಿನ ದೇಹವೇ ದೇವಾಲಯವಾದುದರಿಂದ ಅದು ಕಟ್ಟಲ್ಪಟ್ಟ ದಿನಗಳೂ ಆ ಸಂಖ್ಯೆಗೆ ಒಪ್ಪುತ್ತವೆ ಎಂಬುದು ಅವರ ಗಣನೆ.

ಪೌರಸ್ತ್ಯದಲ್ಲಿಯೂ ಇಂಥದೊಂದು ಜೋಡಿ ಕಾಣುತ್ತದೆ. ಮೊಂತಾನಪಂಥಿಗಳು ಪಾಸ್ಖವನ್ನು ಏಪ್ರಿಲ್ 6ಕ್ಕೆ ಲೆಕ್ಕಹಾಕುತ್ತಿದ್ದರೆಂದು 5ನೆಯ ಶತಮಾನದ ಚರಿತ್ರಕಾರ ಸೊಜೊಮೆನ್ ತಿಳಿಸುತ್ತಾನೆ. ಅಲ್ಲಿಂದ ಒಂಬತ್ತು ತಿಂಗಳಿಗೆ ಜನವರಿ 6, ಪೌರಸ್ತ್ಯ ಸಭೆಗಳ ಪ್ರಭುಪ್ರಕಾಶದ ಹಬ್ಬ.

ಮೋಶೆಯ ಪೂರ್ಣಾಯುಷ್ಯ

ಮಹಾತ್ಮನ ಆಯುಷ್ಯ ಅರ್ಧ ವರ್ಷದಲ್ಲಿ ಮುರಿಯಲಾರದೆಂಬ ಭಾವನೆಗೆ ಯೆಹೂದ್ಯ ಪರಂಪರೆಯಲ್ಲಿ ಸ್ಪಷ್ಟವಾದ ನಿದರ್ಶನವಿದೆ. ಬಾಬಿಲೋನಿಯದ ತಲ್ಮೂದಿನ ಪ್ರಕಾರ ಮೋಶೆ ಹುಟ್ಟಿದ್ದೂ ಮಡಿದದ್ದೂ ಅದಾರ್ ತಿಂಗಳ ಏಳನೆಯ ದಿನ. ರಬ್ಬಿಗಳು ಆ ದಿನವನ್ನು ಕಂಡುಕೊಂಡ ಬಗೆ ಹೀಗೆ. ಜನರು ಯೊರ್ದಾನನ್ನು ದಾಟಿದ್ದು ಮೊದಲ ತಿಂಗಳ ಹತ್ತನೆಯ ದಿನ. ಅದರಿಂದ ಸಿದ್ಧತೆಯ ಮೂರು ದಿನಗಳನ್ನೂ ಶೋಕದ ಮೂವತ್ತು ದಿನಗಳನ್ನೂ ಹಿಂದಕ್ಕೆ ಎಣಿಸಿದರೆ ಅದಾರ್ ಏಳು ದೊರೆಯುತ್ತದೆ. ಅಂದಿಗೆ ತನಗೆ 120 ವರ್ಷವಾಯಿತೆಂದು ಮೋಶೆ ಹೇಳಿದುದನ್ನು ಅವರು ಜನ್ಮದಿನದ ಮಾತೆಂದು ಗ್ರಹಿಸಿದರು. ನೀತಿವಂತರ ಆಯುಷ್ಯವನ್ನು ದೇವರು ದಿನಕ್ಕೆ ದಿನ, ತಿಂಗಳಿಗೆ ತಿಂಗಳು ಸರಿಯಾಗಿ ತುಂಬಿಸುತ್ತಾರೆಂಬುದು ಅವರ ತೀರ್ಮಾನ.

ಫ್ರೆಂಚ್ ಚರಿತ್ರಕಾರ ಲೂಯಿ ದ್ಯುಶೇನ್ 1889ರಲ್ಲಿ, ಡಿಸೆಂಬರ್ 25ರ ಹಬ್ಬ ಹುಟ್ಟಿದ್ದು ಇಂಥ ಗಣನೆಯಿಂದಲೇ ಇರಬಹುದೆಂದು ಸೂಚಿಸಿದರು. ಮೊದಲು ಮರಣದ ದಿನ, ಅದರಿಂದ ಗರ್ಭಧಾರಣೆಯ ದಿನ, ಅದರಿಂದ ಒಂಬತ್ತು ತಿಂಗಳಿಗೆ ಜನನ. 1986ರಲ್ಲಿ ಥಾಮಸ್ ಟ್ಯಾಲಿ ಈ ವಾದಕ್ಕೆ ಹೊಸ ಬಲವನ್ನು ತುಂಬಿದರು. ರೋಮಿನ ಚಕ್ರವರ್ತಿ ಔರೇಲಿಯನ್ 274ರಲ್ಲಿ ಪ್ರತಿಷ್ಠಾಪಿಸಿದ ಅಜೇಯ ಸೂರ್ಯನ ಆರಾಧನೆಯೇ ಕ್ರಿಸ್ತಜಯಂತಿಯ ದಿನಕ್ಕೆ ಕಾರಣವೆಂಬ ವಾದಕ್ಕೆ ಇದು ಪ್ರತಿವಾದವಾಗಿ ನಿಂತಿತು.

ಭಕ್ತಿಗೆ ಹಿತವೆನಿಸುವ ವಾದವನ್ನು ಪರೀಕ್ಷಿಸದೆ ಒಪ್ಪುವುದು ದೈವಶಾಸ್ತ್ರಕ್ಕೆ ಶೋಭೆಯಲ್ಲ. ಪ್ರಭು ಪೂರ್ಣ ವರ್ಷಗಳನ್ನೇ ಬದುಕಿರಬೇಕು, ಆದ್ದರಿಂದ ಗರ್ಭಧಾರಣೆ ಇಂಥ ದಿನವೇ ಆಗಿರಬೇಕು ಎಂದು ತರ್ಕಿಸುವ ಪ್ರಾಚೀನ ಗ್ರಂಥ ತಮಗೆ ದೊರೆತಿಲ್ಲವೆಂದು ದ್ಯುಶೇನರೇ ಒಪ್ಪಿಕೊಂಡಿದ್ದರು. ತಲ್ಮೂದು ಕ್ರೋಡೀಕೃತವಾದದ್ದು ತೆರ್ತುಲ್ಲಿಯನ್ನನ ಕಾಲಕ್ಕಿಂತ ಬಹಳ ಈಚೆಗೆ. ಅಲ್ಲಿ ಮರಣಕ್ಕೆ ಜೊತೆಯಾಗುವುದು ಜನನವೇ ಹೊರತು ಗರ್ಭಧಾರಣೆಯಲ್ಲ. 243ರ ಪಾಸ್ಖ ಗಣನೆಯ ಲತೀನ್ ಕೃತಿಯೊಂದು ಪ್ರಭುವಿನ ಜನನವನ್ನು ಮಾರ್ಚ್ 28ಕ್ಕೆ, ಅಂದರೆ ಸೃಷ್ಟಿಯಲ್ಲಿ ಸೂರ್ಯನು ಉಂಟಾದ ನಾಲ್ಕನೆಯ ದಿನಕ್ಕೆ, ಇರಿಸುತ್ತದೆ. ಇನ್ನು ಶಿಲುಬೆಯ ಮರಣಕ್ಕೆ ಇಂದಿನ ವಿದ್ವಾಂಸರಲ್ಲಿ ಹಲವರು ಸೂಚಿಸುವ ದಿನಗಳು 30ರ ಏಪ್ರಿಲ್ 7 ಅಥವಾ 33ರ ಏಪ್ರಿಲ್ 3. ಹೀಗೆ ಲೆಕ್ಕದ ಮೊದಲ ಮೆಟ್ಟಿಲೇ ಅಲುಗಾಡುತ್ತದೆ.

ಹಾಗಾದರೆ ಸಭಾಪಿತೃಗಳು ಮಾಡಿದ್ದು ವ್ಯರ್ಥವೇ? ಅಲ್ಲವೆಂದು ನಾವು ಭಾವಿಸುತ್ತೇವೆ. ಅವರ ವಿಶ್ವಾಸ ದಿನಾಂಕಗಳಿಂದ ಹುಟ್ಟಲಿಲ್ಲ. ವಿಶ್ವಾಸವೇ ದಿನಾಂಕಗಳನ್ನು ಜೋಡಿಸಿತು. ಮನುಷ್ಯಾವತಾರವೂ ಶಿಲುಬೆಯೂ ಒಂದೇ ಪ್ರೀತಿಯ ಕಾರ್ಯವೆಂದು ಮೊದಲೇ ಅರಿತವರು ಅದನ್ನು ಪಂಚಾಂಗದ ಭಾಷೆಯಲ್ಲಿ ನುಡಿದರು. 2005ರಲ್ಲಿಯೂ 2016ರಲ್ಲಿಯೂ ಶುಭ ಶುಕ್ರವಾರ ಮಾರ್ಚ್ 25ರಂದೇ ಬಂದಿತು. ಧರ್ಮಸಭೆ ಅದನ್ನು ಶಕುನವೆಂದು ಸಾರಲಿಲ್ಲ. ಮಂಗಳವಾರ್ತೆಯ ಹಬ್ಬವನ್ನು ಏಪ್ರಿಲ್ 4ಕ್ಕೆ ಮುಂದೂಡಿ ಪ್ರತಿಯೊಂದನ್ನೂ ಅದರದರ ದಿನದಲ್ಲಿ ಆಚರಿಸಿತು.

ಸಂತರ ಜನ್ಮದಿನ

ಇತರರ ವಿಷಯದಲ್ಲಿ ಆದಿ ಸಭೆ ಇನ್ನೂ ಧೀರವಾದ ಹೆಜ್ಜೆಯನ್ನಿಟ್ಟಿತು. ಪವಿತ್ರ ಗ್ರಂಥದಲ್ಲಿ ತಮ್ಮ ಹುಟ್ಟುಹಬ್ಬವನ್ನು ಆಚರಿಸಿಕೊಂಡವರು ಫರೋಹ ಮತ್ತು ಹೆರೋದರಂಥವರೇ ಎಂದು ಓರಿಜನ್ ಟೀಕಿಸಿದ. 2ನೆಯ ಶತಮಾನದಲ್ಲಿ ಸ್ಮುರ್ನದ ಸಭೆ ತನ್ನ ಮೇಲಧ್ಯಕ್ಷ ಪೊಲಿಕಾರ್ಪರ ರಕ್ತಸಾಕ್ಷಿತ್ವದ ದಿನವನ್ನೇ ಅವರ ಜನ್ಮದಿನವೆಂದು ಕರೆಯಿತು. ಆ ಪತ್ರದಲ್ಲಿ ಅವರು ಹುಟ್ಟಿದ ತಿಥಿಯ ಪ್ರಸ್ತಾಪವಿಲ್ಲ. ಸಂತರ ಪಂಚಾಂಗ ಬೆಳೆದದ್ದು ಈ ಪದ್ಧತಿಯಿಂದ. ಲೋಕದಲ್ಲಿ ಹುಟ್ಟಿದ ದಿನವನ್ನೂ ಧರ್ಮಸಭೆ ಆಚರಿಸುವುದು ಪ್ರಭುವಿಗೆ, ಮಾತೆ ಮರಿಯಳಿಗೆ, ಸ್ನಾನಿಕ ಯೊವಾನ್ನರಿಗೆ ಮಾತ್ರ. ಉಳಿದವರ ಎರಡು ದಿನಾಂಕಗಳು ಹೊಂದುತ್ತವೆಯೇ ಎಂದು ಅದು ನೋಡಲಿಲ್ಲ. ಎರಡನೆಯದನ್ನೇ ಮೊದಲನೆಯದೆಂದು ಕರೆಯಿತು. ಪುನರುತ್ಥಾನವನ್ನು ನಂಬಿದವರು ಮಾತ್ರ ಹೀಗೆ ಕರೆಯಬಲ್ಲರು.

ಸಂಖ್ಯೆಗಳಲ್ಲಿ ಅಷ್ಟೊಂದು ಆನಂದಿಸಿದ ಅಗಸ್ಟೀನರೇ ಜಾತಕವನ್ನು ಕಟುವಾಗಿ ನಿರಾಕರಿಸಿದುದನ್ನು ಇಲ್ಲಿ ನೆನೆಯಬೇಕು. ಒಂದೇ ಗಳಿಗೆಯಲ್ಲಿ ಹುಟ್ಟಿದ ಇಬ್ಬರು ಕೂಸುಗಳಲ್ಲಿ ಒಬ್ಬ ಸಿರಿವಂತನಾಗಿ ಬೆಳೆದ, ಇನ್ನೊಬ್ಬ ಗುಲಾಮನಾಗಿಯೇ ಉಳಿದ ಸಂಗತಿಯನ್ನು ‘ಅರಿಕೆಗಳು’ ಗ್ರಂಥದ ಏಳನೆಯ ಭಾಗದಲ್ಲಿ ಅವರು ವಿವರಿಸುತ್ತಾರೆ. ‘ದೇವನಗರ’ದಲ್ಲಿ ಏಸಾವ ಯಕೋಬರೆಂಬ ಅವಳಿಗಳನ್ನು ಸಾಕ್ಷಿಗೆ ಕರೆಯುತ್ತಾರೆ. ದಿನವು ದೇವರನ್ನು ಸ್ತುತಿಸಲು ನೆರವಾಗಬಹುದು, ಮನುಷ್ಯನ ಹಣೆಬರಹವನ್ನು ನಿರ್ಧರಿಸಲಾರದು: ಅವರ ಎರಡು ನಿಲುವುಗಳನ್ನು ನಾವು ಹೀಗೆ ಒಂದುಗೂಡಿಸಿ ಓದುತ್ತೇವೆ.

ಈ ವಿವೇಕ ನಮ್ಮ ನಾಡಿಗೂ ಬೇಕು. ಮರಣದ ನಕ್ಷತ್ರ ಧನಿಷ್ಠಾ ಪಂಚಕದಲ್ಲಿ ಬಿದ್ದರೆ ಮನೆಗೆ ಬೀಗ ಹಾಕಿ ಕೆಲವು ತಿಂಗಳು ಬೇರೆಡೆ ವಾಸಿಸುವ ರೂಢಿ ಇಲ್ಲಿದೆ. ನೆರೆಹೊರೆಯವರೊಡನೆ ಬಾಳುವ ನಮ್ಮ ಭಕ್ತಾದಿಗಳೂ ಆ ಅಂಜಿಕೆಗೆ ಪೂರ್ತಿ ಹೊರತಲ್ಲ. ಕೆಟ್ಟ ದಿನದ ಭಯವನ್ನು ಖಂಡಿಸುವ ನಾವು ಒಳ್ಳೆಯ ದಿನದ ಹೆಮ್ಮೆಯನ್ನು ಮಾತ್ರ ಬೋಧಿಸುವುದು ಸಲ್ಲದು. ವರ್ಷಕ್ಕೆ 20 ಅಂತ್ಯಕ್ರಿಯೆಗಳು ನಡೆಯುವ ಧರ್ಮಕೇಂದ್ರದಲ್ಲಿ, ಯಾವ ವಿಶೇಷ ಕಾರಣವೂ ಇಲ್ಲದೆ, ಸರಾಸರಿ 18 ವರ್ಷಕ್ಕೊಬ್ಬರು ತಮ್ಮ ಜನ್ಮದಿನದಂದೇ ಮಡಿಯುತ್ತಾರೆ. ದೀಕ್ಷಾಸ್ನಾನದ ದಿನ, ಮದುವೆಯ ದಿನ, ನಾಮಸಂತರ ಹಬ್ಬ ಇವನ್ನೂ ಲೆಕ್ಕಕ್ಕೆ ಸೇರಿಸಿಕೊಂಡರೆ ನಾಲ್ಕೈದು ವರ್ಷಕ್ಕೊಮ್ಮೆ ಯಾವುದೋ ಒಂದು ಹೊಂದಾಣಿಕೆ ಕಂಡೇ ಕಾಣುತ್ತದೆ.

ತಂದೆಯನ್ನು ಕಳೆದುಕೊಂಡ ಮಗನಿಗೆ ಈ ಗಣಿತವನ್ನು ಹೇಳಬೇಕಾಗಿಲ್ಲ. ಒಂದೇ ದಿನ ಎರಡು ಕೃತಜ್ಞತೆಗಳನ್ನು ಸಲ್ಲಿಸುವ ಅವಕಾಶ ಅವನಿಗೆ ದೊರೆತಿದೆ. ಅದನ್ನು ಪ್ರಾರ್ಥನೆಯಾಗಿಸಲು ನಾವು ನೆರವಾದರೆ ಸಾಕು. ಆದರೆ ಅದು ತಂದೆಯ ನೀತಿಗೆ ದೊರೆತ ಪ್ರಮಾಣಪತ್ರವೆಂದು ನಾವು ನುಡಿದರೆ, ಮೂಲೆಯ ಕಲ್ಲಿನ ಮುಂದೆ ನಿಂತ ತಾಯಿಯ ಕೂಸಿಗೆ ವಿರುದ್ಧವಾಗಿ ತೀರ್ಪನ್ನಿತ್ತಂತಾಗುತ್ತದೆ. ಸಿಲೋವದ ಗೋಪುರ ಕುಸಿದು ಸತ್ತ ಹದಿನೆಂಟು ಮಂದಿಯ ಮರಣದಿಂದ ಅವರ ಪಾಪವನ್ನು ಅಳೆಯಲು ಪ್ರಭು ಒಪ್ಪಲಿಲ್ಲ. ಜ್ಞಾನಗ್ರಂಥದ ನಾಲ್ಕನೆಯ ಅಧ್ಯಾಯವಂತೂ ಅಕಾಲದಲ್ಲಿ ಅಗಲಿದ ನೀತಿವಂತನು ಅಲ್ಪಾವಧಿಯಲ್ಲಿಯೇ ದೀರ್ಘಾಯುಷ್ಯವನ್ನು ಪೂರೈಸಿದನೆಂದು ಬೋಧಿಸುತ್ತದೆ. ಆಯುಷ್ಯವನ್ನು ತುಂಬಿಸುವವರು ದೇವರೇ. ಆ ತುಂಬುವಿಕೆ ತಿಥಿಗೆ ಕಟ್ಟುಬಿದ್ದುದಲ್ಲ.

ಪಾಸ್ಖ ಜಾಗರಣೆಯ ರಾತ್ರಿ ಧರ್ಮಗುರು ಹೊಸ ಮೇಣದ ಬತ್ತಿಯ ಮೇಲೆ ಶಿಲುಬೆಯನ್ನೂ ಗ್ರೀಕ್ ಅಕ್ಷರಮಾಲೆಯ ಮೊದಲ ಮತ್ತು ಕೊನೆಯ ಅಕ್ಷರಗಳನ್ನೂ ಆ ವರ್ಷದ ನಾಲ್ಕು ಅಂಕಿಗಳನ್ನೂ ಕೊರೆದು, ಕಾಲವೆಲ್ಲ ಕ್ರಿಸ್ತನದೆಂದು ಘೋಷಿಸುತ್ತಾನೆ. ಅದೇ ಬತ್ತಿಯನ್ನು ಅಂತ್ಯಕ್ರಿಯೆಯಲ್ಲಿ ಶವಪೆಟ್ಟಿಗೆಯ ಬಳಿ ಉರಿಸುತ್ತೇವೆ. ಹುಟ್ಟಿದ ದಿನವೇ ಮಡಿದ ವೃದ್ಧನ ಪೆಟ್ಟಿಗೆಯ ಬಳಿಯೂ, ಹೆಸರಿಡುವ ಮೊದಲೇ ಹೋದ ಕೂಸಿನ ಪೆಟ್ಟಿಗೆಯ ಬಳಿಯೂ ಉರಿಯುವ ಬೆಳಕು ಒಂದೇ. ಮುಂದೆ ಧರ್ಮಕೇಂದ್ರಗಳಿಗೆ ತೆರಳಲಿರುವ ನಮ್ಮ ವಿದ್ಯಾರ್ಥಿಗಳು ದಿನಾಂಕಗಳ ಬಗ್ಗೆ ಪ್ರಶ್ನೆ ಎದುರಾದಾಗ ಮೊದಲು ಆ ಬೆಳಕನ್ನು ತೋರಿಸಲಿ.