ಪ್ರಾಯೋಜಕನ ಪುನರಾಗಮನ: ಭಾರತದ ಕಿರುತೆರೆಯ ಅರ್ಥವ್ಯವಸ್ಥೆಯ ಒಂದು ಐತಿಹಾಸಿಕ ಅವಲೋಕನ

ಕಲೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಕಲಾವಿದರನ್ನೂ ಕೃತಿಗಳನ್ನೂ ಕುರಿತು ವಿಚಾರಮಾಡುತ್ತಾರೆ. ಆ ಕೃತಿಗಳ ವೆಚ್ಚವನ್ನು ಹೊತ್ತವರು ಯಾರೆಂಬ ಪ್ರಶ್ನೆಯನ್ನೆತ್ತುವವರು ವಿರಳ. ಆದರೆ ಆಶ್ರಯದಾತನ ನೆರಳು ಕೃತಿಯ ಮೇಲೆ ಬೀಳದಿರುವುದು ಅಪೂರ್ವ. ಪಂಪನಂತಹ ಮಹಾಕವಿಯೂ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಭಾರತದ ಕಥೆಯನ್ನು ಹೇಳಿದನು. ಅರಸೊತ್ತಿಗೆ ಅಳಿದ ಮೇಲೆ ಆಶ್ರಯದಾತನು ಬೇರೆ ವೇಷದಲ್ಲಿ ಬಂದನು. ತೆರೆಯ ಮೇಲಿನ ಕಲೆಯ ಮಟ್ಟಿಗೆ ಅವನ ಹೆಸರು ಜಾಹೀರಾತುದಾರ. ಅಂತರ್ಜಾಲದ ಮೂಲಕ ಚಿತ್ರಗಳನ್ನು ನೇರವಾಗಿ ಮನೆಗೆ ತಲಪಿಸುವ ಸ್ಟ್ರೀಮಿಂಗ್ ವ್ಯವಸ್ಥೆಯು ಅವನಿಂದ ಪ್ರೇಕ್ಷಕನನ್ನು ಬಿಡುಗಡೆ ಮಾಡುವುದೆಂಬ ನಿರೀಕ್ಷೆ ಒಂದು ಕಾಲಕ್ಕಿದ್ದಿತು. ಆ ನಿರೀಕ್ಷೆ ಏನಾಯಿತೆಂಬುದನ್ನು ಅರಿಯಲು ಭಾರತದ ದೂರದರ್ಶನದ ಆರಂಭಕಾಲದಿಂದಲೇ ನೋಡಿಕೊಂಡು ಬರುವುದು ಅವಶ್ಯಕ.

1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಾಯೋಗಿಕವಾಗಿ ಆರಂಭವಾದ ದೂರದರ್ಶನವು 1972ರ ಅಕ್ಟೋಬರ್ 2ರಂದು ಮುಂಬಯಿಗೆ ಬಂದಿತು. ಅಂದಿನ ದೂರದರ್ಶನಕ್ಕೆ ಸರಕಾರದ ಬೊಕ್ಕಸವೇ ಆಧಾರ. ಲೋಕಶಿಕ್ಷಣವೇ ಅದರ ಘೋಷಿತ ಧ್ಯೇಯ. ಈ ಧ್ಯೇಯದ ಅತಿದೊಡ್ಡ ಪ್ರಯೋಗ 1975ರ ಆಗಸ್ಟಿನಿಂದ 1976ರ ಜುಲೈವರೆಗೆ ನಡೆಯಿತು. ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಬೇಸಾಯ, ಆರೋಗ್ಯ, ಶಿಕ್ಷಣ ಮುಂತಾದ ವಿಷಯಗಳ ಕಾರ್ಯಕ್ರಮಗಳನ್ನು ತೋರಿಸಲಾಯಿತು. ಕರ್ನಾಟಕದ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗರು ಕನ್ನಡ ಮಾತನಾಡುವ ತೆರೆಯನ್ನು ಹೀಗೆ ಕಂಡರು. ಅಲ್ಲಿ ಮಾರಾಟಕ್ಕೆ ಯಾವ ವಸ್ತುವೂ ಇರಲಿಲ್ಲ.

ಆ ಪ್ರಯೋಗವಿನ್ನೂ ನಡೆಯುತ್ತಿದ್ದಾಗಲೇ, 1976ರ ಜನವರಿ 1ರಂದು, ದೂರದರ್ಶನವು ಜಾಹೀರಾತುಗಳಿಗೆ ಬಾಗಿಲು ತೆರೆಯಿತು. ಆಕಾಶವಾಣಿಯು ಈ ದಾರಿಯನ್ನು ಮೊದಲೇ ತುಳಿದಿದ್ದಿತು. ವಿವಿಧಭಾರತಿಯ ವಾಣಿಜ್ಯ ಪ್ರಸಾರವು 1967ರ ನವೆಂಬರಿನಲ್ಲಿ ಮುಂಬಯಿ, ಪುಣೆ, ನಾಗಪುರ ಕೇಂದ್ರಗಳಿಂದ ಮೊದಲಾಗಿದ್ದಿತು. ಹೀಗೆ ಒಂದೇ ವರ್ಷದಲ್ಲಿ ಹಳ್ಳಿಯ ತೆರೆಯು ರೈತನಿಗೆ ಪಾಠ ಹೇಳುತ್ತಿದ್ದರೆ, ನಗರದ ತೆರೆಯು ಗೃಹಸ್ಥನಿಗೆ ಸರಕನ್ನು ತೋರಿಸತೊಡಗಿತು. ಈ ಎರಡು ದಾರಿಗಳಲ್ಲಿ ಯಾವುದು ಹೆದ್ದಾರಿಯಾಯಿತೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ.

1984ರ ಜುಲೈಯಲ್ಲಿ ಆರಂಭವಾದ ‘ಹಮ್ ಲೋಗ್’ ಈ ಇತಿಹಾಸದ ಎರಡನೆಯ ಘಟ್ಟ. ಸಮಾಜಹಿತದ ಸಂದೇಶವನ್ನು ಕಥೆಯಲ್ಲಿ ಬೆರೆಸುವ ಉದ್ದೇಶದಿಂದ ಹುಟ್ಟಿದ ಈ ಧಾರಾವಾಹಿಯ ಬೆನ್ನಿಗೆ ನಿಂತ ಪ್ರಾಯೋಜಕರು ಆಹಾರಪದಾರ್ಥದ ಉದ್ಯಮಿಗಳು. ಸಂದೇಶಕ್ಕಿಂತ ಪಾತ್ರಗಳು ಹೆಚ್ಚು ಜನಪ್ರಿಯವಾದುವು. ಪಾತ್ರಗಳ ಜೊತೆಗೆ ಸರಕೂ ಮನೆಮಾತಾಯಿತು. ಹೊರಗಿನ ನಿರ್ಮಾಪಕರಿಗೆ ಅವಕಾಶ ದೊರೆತ ಆ ಕಾಲದಲ್ಲಿ ಉತ್ತಮ ಕೃತಿಗಳು ಬರಲಿಲ್ಲವೆಂದಲ್ಲ. ಆರ್. ಕೆ. ನಾರಾಯಣರ ಕಥೆಗಳನ್ನು ಶಂಕರನಾಗ್ ಆಗುಂಬೆಯಲ್ಲಿ ಚಿತ್ರಿಸಿ ‘ಮಾಲ್ಗುಡಿ ಡೇಸ್’ ಆಗಿ ದೇಶಕ್ಕೆ ನೀಡಿದುದು ಆಗಲೇ. 1987ರ ಜನವರಿಯಿಂದ ಭಾನುವಾರದ ಬೆಳಗಿನಲ್ಲಿ ಪ್ರಸಾರವಾದ ರಾಮಾಯಣವಂತೂ ಬೀದಿಗಳನ್ನೇ ಬರಿದುಮಾಡಿತು. ಅಷ್ಟೊಂದು ಕಣ್ಣುಗಳು ಒಂದೆಡೆ ನೆಟ್ಟಿರುವ ಗಳಿಗೆಗೆ ಎಷ್ಟು ಬೆಲೆಯೆಂಬುದನ್ನು ಜಾಹೀರಾತುದಾರನು ಅಂದು ಕಂಡುಕೊಂಡನು.

ಮೂರನೆಯ ಘಟ್ಟ ಖಾಸಗಿ ಉಪಗ್ರಹ ವಾಹಿನಿಗಳದು. 1992ರಲ್ಲಿ ಜೀ ಟಿವಿ, 1994ರಲ್ಲಿ ಕನ್ನಡದ ಉದಯ ಟಿವಿ ಹುಟ್ಟಿದುವು. ಉಪಗ್ರಹಕ್ಕೆ ರಾಜ್ಯದ ಎಲ್ಲೆಯಿಲ್ಲ. ಆದುದರಿಂದ ಮುಂಬಯಿ, ಪುಣೆಗಳ ಕನ್ನಡಿಗರ ಮನೆಗಳಿಗೂ ಕೇಬಲ್ಲಿನ ಮೂಲಕ ಕನ್ನಡದ ತೆರೆ ಬರುವುದು ಸಾಧ್ಯವಾಯಿತು. ವಾಹಿನಿಗಳ ಆದಾಯದ ಮುಖ್ಯ ಮೂಲ ಮಾತ್ರ ಜಾಹೀರಾತೇ. ಆದಾಯ ಹೆಚ್ಚಬೇಕಾದರೆ ಜಾಹೀರಾತಿನ ನಿಮಿಷದ ಬೆಲೆಯೂ ಏರಬೇಕಾಯಿತು. ಆ ಬೆಲೆಯನ್ನು ನಿರ್ಧರಿಸುವ ಅಳತೆಗೋಲು ಟಿ.ಆರ್.ಪಿ. ವಾರಕ್ಕೊಮ್ಮೆಯ ಕಥೆ ದಿನದಿನದ ಕಥೆಯಾದುದರ, ಮುಗಿಯಬೇಕಾದ ಕಥೆ ಮುಗಿಯದೆ ವರ್ಷಗಟ್ಟಲೆ ಬೆಳೆದುದರ ಕಾರಣವನ್ನು ಲೇಖಕರ ಬಡತನದಲ್ಲಿ ಹುಡುಕುವುದಕ್ಕಿಂತ ಈ ಲೆಕ್ಕದಲ್ಲಿ ಹುಡುಕುವುದು ಯುಕ್ತ. ಚಲನಚಿತ್ರಕ್ಕೂ ಇದರ ಪ್ರಭಾವ ತಟ್ಟಿತು. ಪ್ರಸಾರದ ಹಕ್ಕನ್ನು ವಾಹಿನಿಗೆ ಮಾರುವುದು ನಿರ್ಮಾಪಕನ ಎರಡನೆಯ ಫಸಲಾಯಿತು.

ಇಂತಹ ಸಂದರ್ಭದಲ್ಲಿ ಸ್ಟ್ರೀಮಿಂಗ್ ಪ್ರವೇಶಿಸಿತು. 2015ರಲ್ಲಿ ಹಾಟ್‌ಸ್ಟಾರ್, 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್, ಅದೇ ಡಿಸೆಂಬರಿನಲ್ಲಿ ಅಮೆಜಾನ್ ಪ್ರೈಮ್ ವಿಡಿಯೊ ಭಾರತದಲ್ಲಿ ಕಾರ್ಯಾರಂಭ ಮಾಡಿದುವು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಅಂತರ್ಜಾಲದ ದರ ಕುಸಿದುದರಿಂದ ಅಂಗೈಯ ಫೋನೇ ತೆರೆಯಾಯಿತು. ಹಾಟ್‌ಸ್ಟಾರ್ ಆರಂಭದಿಂದಲೇ ಜಾಹೀರಾತನ್ನು ನೆಚ್ಚಿದ್ದರೂ ಉಳಿದೆರಡು ಚಂದಾದಾರನನ್ನೇ ನೆಚ್ಚಿದುವು. ಚಂದಾ ಕೊಡುವವನಿಗೆ ನಡುವೆ ಅಡ್ಡಿಯಿಲ್ಲದ ಚಿತ್ರ ಎಂಬುದು ಅಂದಿನ ಕರಾರು. 2020ರ ಸಾಂಕ್ರಾಮಿಕದಲ್ಲಿ ಚಿತ್ರಮಂದಿರಗಳು ಮುಚ್ಚಿದಾಗ ಕನ್ನಡದ ‘ಲಾ’, ‘ಫ್ರೆಂಚ್ ಬಿರಿಯಾನಿ’ ಚಿತ್ರಗಳು ಜುಲೈ ತಿಂಗಳಲ್ಲಿ ನೇರವಾಗಿ ಪ್ರೈಮ್ ವಿಡಿಯೊದಲ್ಲಿ ಬಿಡುಗಡೆಯಾದುವು. ಚಿತ್ರಮಂದಿರವಿಲ್ಲದೆಯೂ ಚಿತ್ರೋದ್ಯಮ ಉಳಿಯಬಲ್ಲುದೆಂಬ ಭಾವನೆ ಆಗ ಹರಡಿತು.

ಆ ಕರಾರು ಬಹುಕಾಲ ಬಾಳಲಿಲ್ಲ. 2022ರ ಮೊದಲ ಮೂರು ತಿಂಗಳಲ್ಲಿ ನೆಟ್‌ಫ್ಲಿಕ್ಸ್ ವಿಶ್ವಾದ್ಯಂತ ಸುಮಾರು ಎರಡು ಲಕ್ಷ ಚಂದಾದಾರರನ್ನು ಕಳೆದುಕೊಂಡಿತು. ಅದೇ ನವೆಂಬರಿನಲ್ಲಿ ಅಮೆರಿಕ ಮೊದಲಾದ ದೇಶಗಳಲ್ಲಿ ಜಾಹೀರಾತುಸಹಿತವಾದ ಕಡಿಮೆ ದರದ ಯೋಜನೆಯನ್ನು ತಂದಿತು. ಭಾರತದಲ್ಲಿ 2022ರ ಜೂನಿನಲ್ಲಿ ಐ.ಪಿ.ಎಲ್. ಕ್ರಿಕೆಟ್ಟಿನ ಐದು ವರ್ಷಗಳ ಪ್ರಸಾರದ ಹಕ್ಕುಗಳು 48,390 ಕೋಟಿ ರೂಪಾಯಿಗಳಿಗೆ ಮಾರಾಟವಾದಾಗ, ದೇಶದೊಳಗಿನ ಅಂತರ್ಜಾಲ ಪ್ರಸಾರದ ಬೆಲೆಯು ದೂರದರ್ಶನ ಪ್ರಸಾರದ ಬೆಲೆಯನ್ನು ಮೀರಿತು. ಮರುವರ್ಷ ಆ ಪಂದ್ಯಗಳನ್ನು ಜಿಯೊಸಿನಿಮಾ ಉಚಿತವಾಗಿ ತೋರಿಸಿತು. ವೆಚ್ಚದ ಭಾರ ಜಾಹೀರಾತಿನ ಮೇಲೆ ಬಿದ್ದಿತು. 2025ರ ಫೆಬ್ರವರಿಯಲ್ಲಿ ಜಿಯೊಸಿನಿಮಾ ಮತ್ತು ಹಾಟ್‌ಸ್ಟಾರ್ ಒಂದಾಗಿ ಜಿಯೊಹಾಟ್‌ಸ್ಟಾರ್ ಆದುವು. ಅದೇ ಜೂನಿನಿಂದ ಪ್ರೈಮ್ ವಿಡಿಯೊ ಭಾರತದಲ್ಲಿಯೂ ಜಾಹೀರಾತುಗಳನ್ನು ತೋರಿಸತೊಡಗಿ, ಅವು ಬೇಡವೆನ್ನುವವರಿಂದ ಹೆಚ್ಚಿನ ಹಣವನ್ನು ಕೇಳಿತು. ಹತ್ತು ವರ್ಷಗಳೊಳಗಾಗಿ ಪ್ರಾಯೋಜಕನು ಹಳೆಯ ಪೀಠಕ್ಕೆ ಮರಳಿದನು.

ಆದರೆ ಮರಳಿದವನು ಹಳೆಯ ಪ್ರಾಯೋಜಕನಲ್ಲ ಎಂಬುದನ್ನು ಗಮನಿಸಬೇಕು. ದೂರದರ್ಶನದ ಜಾಹೀರಾತುದಾರನು ಕೊಂಡುದು ಗುಂಪನ್ನು. ಅದನ್ನು ಅಳೆದುದು ಆಯ್ದ ಕೆಲವು ಮನೆಗಳ ಮಾದರಿಯಿಂದ. ಹೊಸ ಪ್ರಾಯೋಜಕನು ಕೊಳ್ಳುವುದು ವ್ಯಕ್ತಿಯನ್ನು. ಯಾರು ಯಾವ ಚಿತ್ರವನ್ನು ಯಾವ ಭಾಷೆಯಲ್ಲಿ ಎಷ್ಟು ಹೊತ್ತು ನೋಡಿದರು, ಎಲ್ಲಿ ನಿಲ್ಲಿಸಿದರು ಎಂಬುದೆಲ್ಲ ಸ್ಟ್ರೀಮಿಂಗ್ ಸಂಸ್ಥೆಯ ಲೆಕ್ಕದಲ್ಲಿ ದಾಖಲಾಗುತ್ತದೆ. ಆ ಲೆಕ್ಕವು ಸಾರ್ವಜನಿಕವಾದುದಲ್ಲ; ಚಿತ್ರವನ್ನು ಮಾಡಿದವನಿಗೂ ಅದು ಪೂರ್ಣವಾಗಿ ದೊರೆಯುವುದಿಲ್ಲ.

ಕನ್ನಡದಂತಹ ಭಾಷೆಗೆ ಇದರಿಂದ ಲಾಭವೋ ನಷ್ಟವೋ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಕರಾವಳಿಯ ಏಳು ಕಥೆಗಳ ‘ಏಕಂ’ ಎಂಬ ಕನ್ನಡ ಸರಣಿಯು ಸಿದ್ಧವಾದ ಮೇಲೂ ದೊಡ್ಡ ವೇದಿಕೆ ದೊರೆಯದೆ ಕಾದು, 2024ರ ಜುಲೈಯಲ್ಲಿ ತನಗಾಗಿ ನಿರ್ಮಿಸಿಕೊಂಡ ಜಾಲತಾಣದಲ್ಲಿ ಬಿಡುಗಡೆಯಾಯಿತು. ಅದನ್ನು ಅರ್ಪಿಸಿದವರು ರಕ್ಷಿತ್ ಶೆಟ್ಟಿಯವರಂತಹ ಪ್ರಸಿದ್ಧ ನಟ-ನಿರ್ಮಾಪಕರು. ಅವರಿಗೇ ಈ ದಾರಿ ಕಠಿಣವಾದರೆ ಹೊಸಬರ ಪಾಡು ಊಹ್ಯ. 2025ರಲ್ಲಿ ಜೀ5 ವೇದಿಕೆಯು ‘ಅಯ್ಯನ ಮನೆ’ಯಂತಹ ಕನ್ನಡ ಸರಣಿಯನ್ನು ತಂದುದು ಆಶಾದಾಯಕವಾದರೂ, ಇಂತಹ ಉದಾಹರಣೆಗಳು ಇನ್ನೂ ಬೆರಳೆಣಿಕೆಯವು.

ಹಳೆಯ ವ್ಯವಸ್ಥೆಯಲ್ಲಿ ಜಾಹೀರಾತುದಾರನ ಲೆಕ್ಕವು ಬಹುಮಟ್ಟಿಗೆ ಪ್ರದೇಶವನ್ನು ಅವಲಂಬಿಸಿದ್ದಿತು. ಮಾಟುಂಗದಲ್ಲಿ ಕುಳಿತು ಕನ್ನಡ ವಾಹಿನಿಯನ್ನು ನೋಡಿದವರು ಮಹಾರಾಷ್ಟ್ರದ ಮಾರುಕಟ್ಟೆಯವರೇ ಹೊರತು ಕನ್ನಡದ ಮಾರುಕಟ್ಟೆಯವರಲ್ಲ. ಹೊಸ ಲೆಕ್ಕವು ಆಯ್ದ ಭಾಷೆಯನ್ನೂ ಕಾಣಬಲ್ಲುದು. ಹೊರನಾಡಿನ ಕನ್ನಡಿಗನು ಕನ್ನಡದ ಕೃತಿಯನ್ನು ಕನ್ನಡದಲ್ಲಿಯೇ ಆಯ್ದರೆ ಆ ಆಯ್ಕೆ ಎಣಿಕೆಗೆ ಸೇರುತ್ತದೆ. ಹಿಂದಿಗೆ ಡಬ್ಬಾದ ರೂಪದಲ್ಲಿ ನೋಡಿದರೆ ಅದು ಹಿಂದಿಯ ಎಣಿಕೆಗೆ ಸಲ್ಲುತ್ತದೆ. ಅರಿಕೇಸರಿಯ ಆಸ್ಥಾನದಲ್ಲಿ ಕೇಳುಗರ ಮಾತಿಗೆ ಎಷ್ಟು ಬೆಲೆಯಿದ್ದಿತೋ ತಿಳಿಯದು. ಇಂದಿನ ಪ್ರಾಯೋಜಕನ ಆಸ್ಥಾನದಲ್ಲಿ ಪ್ರೇಕ್ಷಕನಿಗೆ ಮಾತಿಲ್ಲ, ಎಣಿಕೆ ಮಾತ್ರ ಉಂಟು. ಆ ಎಣಿಕೆಯಲ್ಲಿ ಕನ್ನಡದ ಪಾಲು ಎಷ್ಟೆಂಬುದನ್ನು ನೋಡುವವರೇ ದಿನದಿನವೂ ನಿರ್ಧರಿಸುತ್ತಿದ್ದಾರೆ.