ತುಮಕೂರು ಸೀಮೆಯ ಮುಳ್ಳುಕಂಟಿ ಕಾಡುಗಳು

ತುಮಕೂರು, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ಕಲ್ಲುಗುಡ್ಡಗಳ ಇಳಿಜಾರುಗಳಲ್ಲೂ ಕಾವಲುಗಳಲ್ಲೂ ಬೀಳುನೆಲದಲ್ಲೂ ಹಬ್ಬಿರುವ ಕುರುಚಲು ಅರಣ್ಯ. ಗಿಡಗಳು ಸಾಮಾನ್ಯವಾಗಿ ಗಿಡ್ಡ, ಎಲೆ ಸಣ್ಣ, ಮುಳ್ಳು ಹೇರಳ. ಎಚ್.ಜಿ. ಚಾಂಪಿಯನ್ 1936ರಲ್ಲಿ ರೂಪಿಸಿ, ಮುಂದೆ ಎಸ್.ಕೆ. ಸೇಠ್ ಅವರೊಡನೆ 1968ರಲ್ಲಿ ಪರಿಷ್ಕರಿಸಿದ ಭಾರತದ ಅರಣ್ಯ ವರ್ಗೀಕರಣದಲ್ಲಿ ಇವು ಆರನೆಯ ಗುಂಪಾದ ಉಷ್ಣವಲಯದ ಮುಳ್ಳುಕಾಡುಗಳಿಗೆ ಸೇರುತ್ತವೆ. ಇವು ಹೀಗೆ ಬೆಳೆದು ನಿಂತಿರುವುದಕ್ಕೆ ಮಳೆ ಮತ್ತು ಕಲ್ಲುನೆಲ ಎಷ್ಟು ಕಾರಣವೋ ದನ, ಕೊಡಲಿ, ಬೆಂಕಿಗಳೂ ಅಷ್ಟೇ ಕಾರಣ. ಆದ್ದರಿಂದ ಇವುಗಳ ಇತಿಹಾಸವೆಂದರೆ ಬಹುಮಟ್ಟಿಗೆ ಜನ ಇವನ್ನು ಬಳಸಿದ, ಆಳಿದವರು ಇವನ್ನು ಲೆಕ್ಕಕ್ಕೆ ಹಿಡಿದ ಇತಿಹಾಸ.

ನೆಲ ಮತ್ತು ಮಳೆ

ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ಈ ಸೀಮೆಯಲ್ಲಿ ಮಳೆ ಕಡಿಮೆ. ಬೀಳುವುದರಲ್ಲಿ ದೊಡ್ಡ ಪಾಲು ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನದು. ಗ್ರಾನೈಟ್ ಬಂಡೆಗಳ ಮೇಲೆ ತೆಳುವಾದ ಕೆಮ್ಮಣ್ಣು ಮತ್ತು ಗರಸು ಇದೆ. ಬಿದ್ದ ನೀರು ಹೆಚ್ಚು ಹೊತ್ತು ನಿಲ್ಲದೆ ಹಳ್ಳಗಳಿಗೆ ಇಳಿದುಹೋಗುತ್ತದೆ. ತುಮಕೂರು ನಗರಕ್ಕೆ ಸಮೀಪದ ದೇವರಾಯನದುರ್ಗ ಸುಮಾರು 1,200 ಮೀಟರ್ ಎತ್ತರವಿದೆ. ಶಿಂಷಾ ಇಲ್ಲಿ ಹುಟ್ಟಿ ಗುಬ್ಬಿ, ಕುಣಿಗಲ್ ತಾಲ್ಲೂಕುಗಳನ್ನು ಹಾದು ಕಾವೇರಿಯನ್ನು ಸೇರುತ್ತದೆ. ಜಯಮಂಗಲಿ ಉತ್ತರಕ್ಕೆ ಹರಿದು ಪಿನಾಕಿನಿಯನ್ನು ಸೇರುತ್ತದೆ. ದುರ್ಗದ ಕಣಿವೆಗಳಲ್ಲಿ ಎಲೆ ಉದುರುವ ಒಣಕಾಡು, ಬುಡದ ಬಯಲಿನಲ್ಲಿ ಮುಳ್ಳುಕಂಟಿ. ಇವೆರಡರ ನಡುವೆ ಗೆರೆ ಎಳೆಯುವುದು ಕಷ್ಟ. ಒಣಕಾಡನ್ನು ಕಡಿದಲ್ಲಿ ಮುಳ್ಳುಕಂಟಿ ಮೇಲೇರುತ್ತದೆ. ದನ ನುಗ್ಗದಂತೆ ಕಾಯ್ದಲ್ಲಿ ಒಣಕಾಡು ಕೆಳಗಿಳಿಯುತ್ತದೆ.

ಸಸ್ಯಗಳು

ಕಗ್ಗಲಿ, ಬಿಳಿಜಾಲಿ, ಕರಿಜಾಲಿ, ಎಲಚಿ, ಕಾರೆ, ಚುಜ್ಜಲು, ದಿಂಡಿಗ, ಮುತ್ತುಗ, ಬೇವು ಇಲ್ಲಿನ ಮುಖ್ಯ ಮರಗಿಡಗಳು. ಕೆಳಹಂತದಲ್ಲಿ ತಂಗಡಿ, ಬಂದರೆ, ಲಕ್ಕಿ, ಕವಳೆ ಮತ್ತು ಕಳ್ಳಿಗಳಿವೆ. ಬಂಡೆಯಿಳಿಜಾರುಗಳಲ್ಲಿ ವಾಸನೆಯುಳ್ಳ ಬಾದೆಹುಲ್ಲು ಎದೆಮಟ್ಟ ಬೆಳೆದು ಬೇಸಿಗೆಯಲ್ಲಿ ಬೆಂಕಿಗೆ ಆಹುತಿಯಾಗುತ್ತದೆ. ಬಂಡೆಸಂದಿನ ಮಾಕಳಿ ಬೇರು ಉಪ್ಪಿನಕಾಯಿಗೆ ಹೋಗುತ್ತದೆ. ಬೇರನ್ನೇ ಅಗೆಯುವುದರಿಂದ ಬಳ್ಳಿ ಅಪರೂಪವಾಗುತ್ತಿದೆ.

ಮುಳ್ಳು, ಕಿರಿಎಲೆ, ಬೇಸಿಗೆಯ ಎಲೆಯುದುರು ಇವೆಲ್ಲ ನೀರಿನ ಕೊರತೆಯ ಮತ್ತು ಮೇಯುವ ಬಾಯಿಯ ವಿರುದ್ಧದ ರಕ್ಷಣೆ. ಒಂದು ಕಂಟಿಯ ರಕ್ಷಣೆ ಪಕ್ಕದ ಗಿಡಕ್ಕೂ ದಕ್ಕುತ್ತದೆ: ಆಡು ಬಾಯಿ ಹಾಕಲಾಗದ ಕಾರೆ, ಕವಳೆಗಳ ಒಳಗೆ ಬೇವು, ಶ್ರೀಗಂಧದ ಸಸಿಗಳು ಉಳಿದು ಮೇಲೇರುತ್ತವೆ. ಶ್ರೀಗಂಧ ಅರೆಪರಾವಲಂಬಿ, ಅದರ ಬೇರು ನೆರೆಗಿಡದ ಬೇರಿಗೆ ತಗುಲಿ ಆಹಾರ ಹೀರಬೇಕು. ಹಣ್ಣು ತಿಂದ ಹಕ್ಕಿಗಳು ಕಂಟಿಯ ಮೇಲೆ ಕೂತು ಬೀಜ ಉದುರಿಸುವುದರಿಂದ ಅದಕ್ಕೆ ನೆರಳೂ ಆಸರೆಯ ಬೇರೂ ಒಂದೇ ಕಡೆ ಸಿಗುತ್ತವೆ. ಹೊಲದ ಮುಳ್ಳುಬೇಲಿಯಲ್ಲಿ ಗಂಧದ ಗಿಡ ತಾನಾಗಿ ಹುಟ್ಟುವುದಕ್ಕೆ ಇದೇ ಕಾರಣ.

ಪ್ರಾಣಿಗಳು

ಚಿರತೆ, ಕರಡಿ, ನರಿ, ಗುಳ್ಳೆನರಿ, ಕಾಡುಹಂದಿ, ಮುಳ್ಳುಹಂದಿ, ಚಿಪ್ಪುಹಂದಿ, ಮೊಲ, ಉಡ, ನಕ್ಷತ್ರ ಆಮೆ ಇಂಥ ಕಾಡಿನ ವಾಸಿಗಳು. ಕರಡಿ ಹಗಲು ಬಂಡೆಗವಿಗಳಲ್ಲಿದ್ದು ರಾತ್ರಿ ಹುತ್ತ ಕೆದಕಿ ಗೆದ್ದಲು ತಿನ್ನುತ್ತದೆ. ಎಲಚಿ, ಕವಳೆಯ ಕಾಲದಲ್ಲಿ ಹಣ್ಣು ತಿಂದು ಬೀಜಗಳನ್ನು ದೂರ ಒಯ್ಯುತ್ತದೆ. ತುಮಕೂರು ತಾಲ್ಲೂಕಿನ ನಾಗವಲ್ಲಿ ಕಾಡುಪಾಪಕ್ಕೆ ಹೆಸರಾದ ಊರು. ಈ ಪುಟ್ಟ ನಿಶಾಚರ ಪ್ರಾಣಿ ನೆಗೆಯಲಾರದು. ಕೊಂಬೆಯಿಂದ ಕೊಂಬೆಗೆ ಕೈಯಿಟ್ಟು ನಡೆಯುತ್ತ ಹುಳು ಹಿಡಿಯುತ್ತದೆ. ಹೀಗಾಗಿ ಕಂಟಿ, ಬೇಲಿ, ತೋಪುಗಳು ಒಂದಕ್ಕೊಂದು ತಾಕಿಕೊಂಡಿದ್ದರೆ ಮಾತ್ರ ಅದಕ್ಕೆ ಬದುಕು. ಹಸಿರುಬೇಲಿ ಹೋಗಿ ತಂತಿಬೇಲಿ ಬಂದರೆ ಅದರ ದಾರಿಯೇ ಕಡಿದುಹೋಗುತ್ತದೆ.

ಹಕ್ಕಿಗಳಲ್ಲಿ ನವಿಲು, ಗೌಜಲು, ಬುರ್ಲಿ, ಕಳಿಂಗ ಸಾಮಾನ್ಯ. ದಕ್ಷಿಣ ಭಾರತದ ಕಲ್ಲುಗುಡ್ಡಗಳಿಗೇ ಸೀಮಿತವಾದ, ಅಳಿವಿನ ಅಪಾಯದಲ್ಲಿರುವ ಹಳದಿ ಕೊರಳಿನ ಪಿಕಳಾರ ದೇವರಾಯನದುರ್ಗದಲ್ಲಿ ಕಾಣಸಿಗುತ್ತದೆ.

ಕಾವಲುಗಳ ಕಾಲ

ಅರಸ ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673–1704) ಕಾಲದಲ್ಲಿ ದೇವರಾಯನದುರ್ಗದ ಕೋಟೆ ಮೈಸೂರಿನ ವಶವಾಗಿ ಅವರ ಹೆಸರನ್ನೇ ಪಡೆಯಿತು. ಅರಮನೆಯ ದನಗಳಿಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಏರ್ಪಟ್ಟಿದ್ದೂ ಅವರ ಕಾಲದಲ್ಲೇ. ಟಿಪ್ಪು ಸುಲ್ತಾನ ಇದನ್ನು ಅಮೃತಮಹಲ್ ಎಂದು ಕರೆದ. ಈ ದನಗಳ ಮೇವಿಗೆ ಮೀಸಲಾದ ಹುಲ್ಲುಗಾವಲೇ ಕಾವಲು. ಮಳೆಗಾಲ, ಚಳಿಗಾಲ, ಬೇಸಿಗೆ ಎಂದು ಕಾವಲುಗಳನ್ನು ಬೇರೆ ಬೇರೆಯಾಗಿ ಹಂಚಿ ದನಗಳನ್ನು ಋತುವಿಗೆ ತಕ್ಕಂತೆ ಸಾಗಿಸುತ್ತಿದ್ದರು. ನೆರಳೂ ನೀರೂ ಇರುವ ಕಾವಲು ಬೇಸಿಗೆಗೆ. ಒಂದೇ ನೆಲವನ್ನು ವರ್ಷವಿಡೀ ಮೇಯಿಸದ ಈ ಪದ್ಧತಿ ಹುಲ್ಲು ಮತ್ತು ಕಂಟಿಗಳಿಗೆ ಚೇತರಿಸಿಕೊಳ್ಳಲು ಬಿಡುವು ಕೊಟ್ಟಿತು. ಅಶ್ವದಳಕ್ಕಾಗಿ ಕುಣಿಗಲ್‌ನಲ್ಲಿ ಕುದುರೆ ಫಾರಂ ಆರಂಭವಾದದ್ದೂ ಟಿಪ್ಪುವಿನ ಕಾಲದಲ್ಲೇ.

1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ತುಮಕೂರು, ಗುಬ್ಬಿ, ಶಿರಾ, ಮಧುಗಿರಿಗಳನ್ನು ಹಾದುಹೋದ. ಅವನ ಪ್ರವಾಸ ಕಥನ 1807ರಲ್ಲಿ ಅಚ್ಚಾಯಿತು. ಗುಬ್ಬಿಯ ಸಂತೆ ವ್ಯಾಪಾರವನ್ನೂ ಮಧುಗಿರಿ ಕಡೆಯ ಕಬ್ಬಿಣದ ಕುಲುಮೆಗಳನ್ನೂ ಅವನು ದಾಖಲಿಸಿದ. ಆ ಕುಲುಮೆಗಳು ಉರಿದದ್ದು ಕಾಡಿನ ಇದ್ದಿಲಿನಿಂದ. ಚರ್ಮ ಹದ ಮಾಡಲು ತಂಗಡಿ ಚಕ್ಕೆ, ನೇಗಿಲಿಗೆ ಜಾಲಿ, ಬೇಲಿಗೆ ಕಾರೆಮುಳ್ಳು, ಹಟ್ಟಿಗೆ ಸೌದೆ, ಹೀಗೆ ಊರಿನ ಬಾಳು ನಿಂತದ್ದು ಈ ಕಾಡಿನ ಮೇಲೆ.

ಇಲಾಖೆಯ ಕಾಲ

1864ರಲ್ಲಿ ಮೈಸೂರಿನಲ್ಲಿ ಅರಣ್ಯ ಇಲಾಖೆ ಸ್ಥಾಪನೆಯಾಯಿತು. ತೇಗ, ಬೀಟೆ ಬೆಳೆಯುವ ಮಲೆನಾಡು ಇಲಾಖೆಗೆ ಆದಾಯದ ಮೂಲವಾಯಿತು. ಬಯಲುಸೀಮೆಯ ಕುರುಚಲಿನಿಂದ ಅದು ಬಯಸಿದ್ದು ಮುಖ್ಯವಾಗಿ ಸೌದೆ ಮತ್ತು ಶ್ರೀಗಂಧ. ದೇವರಾಯನದುರ್ಗದಂಥ ಕೆಲವು ಗುಡ್ಡಗಳು ಸರ್ಕಾರಿ ಕಾಯ್ದಿಟ್ಟ ಕಾಡುಗಳಾದವು; ಉಳಿದದ್ದು ಕಂದಾಯ ದಾಖಲೆಗಳಲ್ಲಿ ಬೀಳು, ಖರಾಬು, ಗೋಮಾಳ ಎಂಬ ಹೆಸರು ಪಡೆಯಿತು. ಖರಾಬು ಎಂದು ಬರೆದ ನೆಲವನ್ನು ಮುಂದೆ ಯಾವುದಕ್ಕಾದರೂ ಕೊಡುವುದು ಸುಲಭವಾಯಿತು.

ಹೊರನಾಡಿನ ಗಿಡಗಳು ಕಾಡಿನ ರೂಪವನ್ನೂ ಬದಲಿಸಿದವು. ಅಮೆರಿಕ ಮೂಲದ ಪಾಪಾಸುಕಳ್ಳಿ ಹೊಲ, ಗೋಮಾಳಗಳನ್ನು ಆವರಿಸಿತ್ತು; ಅದನ್ನು ತಿನ್ನುವ ಕೊಚಿನೀಲ್ ಕೀಟವನ್ನು 1926ರಲ್ಲಿ ಶ್ರೀಲಂಕಾದಿಂದ ದಕ್ಷಿಣ ಭಾರತಕ್ಕೆ ತಂದ ಮೇಲೆ ಅದು ಬಹುಬೇಗ ಕುಗ್ಗಿತು. ಲಂಟಾನ, ಬಳ್ಳಾರಿ ಜಾಲಿಗಳಿಗೆ ಅಂಥ ಮದ್ದು ಸಿಗಲಿಲ್ಲ. ಕಾಡಿನ ಪ್ರಾಣಿಗಳೂ ಬದಲಾದವು. ಬೇಟೆಗಾರ, ಲೇಖಕ ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ದೇವರಾಯನದುರ್ಗದ ಹುಲಿಯ ಕಥೆಯಿದೆ. ಇಂದು ಈ ಗುಡ್ಡದಲ್ಲಿ ನೆಲೆಸಿದ ಹುಲಿಗಳಿಲ್ಲ. ಚಿರತೆಯೇ ಇಲ್ಲಿನ ದೊಡ್ಡ ಬೇಟೆಗಾರ.

ನೀಲಗಿರಿ, ನಾಲೆ, ಕಾರ್ಖಾನೆ

1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆ ತುಮಕೂರು, ಕೋಲಾರ ಕಡೆಯ ಬೀಳುಗಳಿಗೂ ಹೊಲಗಳಿಗೂ ನೀಲಗಿರಿಯನ್ನು ತಂದಿತು. 1983ರ ಆಗಸ್ಟ್‌ನಲ್ಲಿ ರೈತ ಸಂಘದವರು ತುಮಕೂರು ಜಿಲ್ಲೆಯ ಹೊಳಹಳ್ಳಿಯ ಅರಣ್ಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತುಹಾಕಿ, ಹುಣಸೆ, ಮಾವಿನ ಬೀಜ ಬಿತ್ತಿದರು. ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ.

ಗೊರೂರಿನ ಹೇಮಾವತಿ ಜಲಾಶಯದ ನಾಲೆಗಳು ಈ ಕಡೆಗೆ ನೀರು ತಂದವು. ಕೊಳವೆಬಾವಿಗಳೂ ಹೆಚ್ಚಿ ಬೀಳುನೆಲ ಅಡಿಕೆ, ತೆಂಗಿನ ತೋಟವಾಗತೊಡಗಿತು. ಕಾವಲುಗಳೂ ಕರಗಿದವು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ 2016ರಲ್ಲಿ ಶಂಕುಸ್ಥಾಪನೆಯಾಗಿ, 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು.

ಕಾಡು ತುಂಡಾದಂತೆ ಚಿರತೆ ತೋಟ, ಹೊಲದಂಚುಗಳಿಗೆ ಬಂತು. 2019–20ರಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಮಕ್ಕಳೂ ಸೇರಿ ಹಲವರು ಚಿರತೆ ದಾಳಿಗೆ ಬಲಿಯಾದರು. ಕಂಟಿಯನ್ನೆಲ್ಲ ಸವರಿಹಾಕಬೇಕೆಂಬ ಕೂಗು ಅಂಥ ಹೊತ್ತಿನಲ್ಲಿ ಏಳುವುದು ಸಹಜ. ಆದರೆ ಮೊಲ, ಹಂದಿ, ನವಿಲುಗಳ ಆಸರೆ ತಪ್ಪಿದರೆ ಚಿರತೆಗೆ ಉಳಿಯುವ ಬೇಟೆ ಊರಿನ ನಾಯಿ, ಕುರಿಗಳೇ.

ಸಂರಕ್ಷಣೆ

ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ ಇಲ್ಲಿನ ವನ್ಯಜೀವಿಗಳನ್ನು ದಾಖಲಿಸುತ್ತ ಬಂದಿದೆ. ದೇವರಾಯನದುರ್ಗದಲ್ಲಿ ಔಷಧ ಸಸ್ಯಗಳ ಸಂರಕ್ಷಣಾ ಪ್ರದೇಶವೊಂದಿದೆ. ಜಿಲ್ಲೆಯ ಉತ್ತರ ಭಾಗದಲ್ಲಿ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ 798 ಎಕರೆ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡಿನಲ್ಲಿ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಸಂಗಡಿಗರ ಕ್ಯಾಮೆರಾ ಟ್ರ್ಯಾಪ್ ಅಧ್ಯಯನ ಚಿಂಕಾರ ಎಂಬ ಹುಲ್ಲೆಯ ಇರವನ್ನು ತೋರಿಸಿತು; ಕೃಷ್ಣಮೃಗ, ಕೊಂಡುಕುರಿಗಳೂ ಅಲ್ಲಿವೆ. 2019ರಲ್ಲಿ ಅಲ್ಲಿನ ಸುಮಾರು 136 ಚದರ ಕಿ.ಮೀ. ಪ್ರದೇಶ ಚಿಂಕಾರ ವನ್ಯಧಾಮವೆಂದು ಘೋಷಣೆಯಾಯಿತು.

ಆದರೆ ಗುಬ್ಬಿ, ಕುಣಿಗಲ್ ಸುತ್ತಿನ ಬಹುಪಾಲು ಕಂಟಿನೆಲ ಗೋಮಾಳ, ಕಾವಲುಗಳಲ್ಲೂ ಖಾಸಗಿ ಬೀಳುಗಳಲ್ಲೂ ಹರಿದು ಹಂಚಿಹೋಗಿದೆ. ಭಾರತೀಯ ಅರಣ್ಯ ಸರ್ವೇಕ್ಷಣೆಯ ವರದಿಗಳಲ್ಲಿ ಶೇ. 10ಕ್ಕಿಂತ ಕಡಿಮೆ ಮರಹೊದಿಕೆ ಇರುವ ಇಂಥ ನೆಲ ‘ಕುರುಚಲು’ ಎಂಬ ಪ್ರತ್ಯೇಕ ಸಾಲಿನಲ್ಲಿ ಬರುತ್ತದೆ. ಅರಣ್ಯ ಹೊದಿಕೆಯ ಮೊತ್ತಕ್ಕೆ ಸೇರುವುದಿಲ್ಲ. ಆದ್ದರಿಂದ ಇದು ಅಳಿದುಹೋದರೂ ರಾಜ್ಯದ ಅರಣ್ಯ ಹೊದಿಕೆಯ ಅಂಕಿಯಲ್ಲಿ ಒಂದು ಎಕರೆಯೂ ಕಡಿಮೆಯಾಗಿ ತೋರುವುದಿಲ್ಲ.