ನಿನ್ನೇನೇ, ಕಾಲಚ್, ಕಲಿಚ್

ಕಲಬುರಗಿ ಜಿಲ್ಲೆಯ ಆಳಂದ ಕಡೆಯ ಸಂತೆಯಲ್ಲಿ "ತೊಗರಿ ಯಾರ್ ಮಾರ್ಯಾರ?" ಎಂದು ಕೇಳಿದರೆ "ತೊಗರಿ ಮಲ್ಲಣ್ಣ ಮಾರ್ಯಾನ" ಎನ್ನುತ್ತಾರೆ. ಕೇಳಿದವನಿಗೆ ಗೊತ್ತಿದ್ದ ತೊಗರಿ ಮೊದಲು ಬರುತ್ತದೆ, ಗೊತ್ತಿಲ್ಲದ ಹೆಸರು ಕ್ರಿಯಾಪದದ ಪಕ್ಕ ಕೂರುತ್ತದೆ. ಮಲ್ಲಣ್ಣ ಏನು ಮಾರಿದ ಎಂಬುದು ಪ್ರಶ್ನೆಯಾದರೆ ಜಾಗ ಅದಲುಬದಲು: "ಮಲ್ಲಣ್ಣ ತೊಗರಿ ಮಾರ್ಯಾನ." ಬೇರೆಯವರಲ್ಲ, ಅವನೇ ಎಂದು ಒತ್ತಿ ಹೇಳಬೇಕಾದಾಗ ವಾಕ್ಯವೇ ತಿರುಗುತ್ತದೆ: "ತೊಗರಿ ಮಾರ್ದಾಂವ ಮಲ್ಲಣ್ಣ." ಕರ್ತೃ, ಕರ್ಮ, ಕ್ರಿಯಾಪದ ಎಂಬ ಪಾಠಪುಸ್ತಕದ ಸೂತ್ರಕ್ಕೆ ಈ ಓಡಾಟ ಸಿಕ್ಕುವುದಿಲ್ಲ. ಇದನ್ನು ಅಡ್ಡಾದಿಡ್ಡಿ ಮಾತು ಎನ್ನುವುದು ದೊಡ್ಡ ಅನ್ಯಾಯ.

ಫೋನ್ ಮಾಡಿದ್ದು ಯಾರೆಂದು ಕೇಳಿದರೆ ಇಂಗ್ಲಿಷಿನವರು 'ಜಾನ್ ಕಾಲ್ಡ್' ಎಂದು ಹೆಸರಿನ ಮೇಲೆ ದನಿ ಏರಿಸುತ್ತಾರೆ, ಪದ ಕದಲುವುದಿಲ್ಲ. ಸ್ಪ್ಯಾನಿಷಿನವರು 'ಯಾಮೊ ಹ್ವಾನ್' ಎಂದು ಹೆಸರನ್ನೇ ಹಿಂದಕ್ಕೆ ಸರಿಸುತ್ತಾರೆ. ಕನ್ನಡ ಪದವನ್ನೂ ಸರಿಸುತ್ತದೆ, ಬೇಕೆಂದರೆ 'ಏ' ಎಂಬ ಅವಧಾರಣೆಯನ್ನೂ ಹಚ್ಚುತ್ತದೆ.

ಈ 'ಏ'ಗೆ ಭೀಮಾ ತೀರದಲ್ಲಿ ನೆರೆಹೊರೆಯುಂಟು. ಕನ್ನಡದವರ "ನಿನ್ನೇನೇ ಬಂದಾನ" ಮರಾಠಿಯಲ್ಲಿ "ಕಾಲಚ್ ಆಲಾ", ಇಲ್ಲಿನ ಉರ್ದುವಾದ ದಖನಿಯಲ್ಲಿ "ಕಲಿಚ್ ಆಯಾ". ಉತ್ತರದ ಉರ್ದು ಇಲ್ಲಿ 'ಹೀ' ಎನ್ನುತ್ತದೆ. ದಖನಿಯ 'ಇಚ್' ಮರಾಠಿಯ 'ಚ'ದಿಂದ ಬಂತೆಂಬುದು ಭಾಷಾತಜ್ಞರ ಸಾಮಾನ್ಯ ಅಭಿಪ್ರಾಯ.

ಈ ಬೆರಕೆಗೆ ದೀರ್ಘ ಇತಿಹಾಸವಿದೆ. 1347ರಲ್ಲಿ ಕಲಬುರಗಿ ಬಹಮನಿ ರಾಜಧಾನಿಯಾಯಿತು. ದೆಹಲಿಯಿಂದ ಸೈನಿಕರು, ಸೂಫಿಗಳು ಬಂದರು. ಅವರ ಮಾತು ಕನ್ನಡ, ಮರಾಠಿ, ತೆಲುಗಿನ ನಡುವೆ ನೆಲೆಯೂರಿ ದಖನಿಯಾಯಿತು. ಆಳಂದದಲ್ಲಿ ಲಾಡ್ಲೆ ಮಶಾಕರ ದರ್ಗಾ ಇದೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದತ್ತ ಸನ್ನಿಧಿಗೆ ಮಹಾರಾಷ್ಟ್ರದ ಭಕ್ತರ ದಂಡೇ ಬರುತ್ತದೆ. ಮುಂದೆ ನಿಜಾಮರ ಕಾಲದಲ್ಲಿ ಕಚೇರಿಗೆ ಉರ್ದು ಬಂತು. ಜೇವರ್ಗಿಯವರು ಹೈದರಾಬಾದಿನ ಕಡೆ ನೋಡಿದರೆ, ಪಕ್ಕದ ಸಿಂದಗಿಯವರು ಮುಂಬಯಿ ಪ್ರಾಂತ್ಯದಲ್ಲಿದ್ದರು.

ಒಂದೇ ಓಣಿಯಲ್ಲಿ ಹಲವು ಭಾಷೆ ಬಾಳಿದರೆ ಏನಾಗುತ್ತದೆ ಎಂಬುದನ್ನು ಭಾಷಾ ಸಂಶೋಧಕರಾದ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಸಾಂಗ್ಲಿ ಜಿಲ್ಲೆಯ ಕುಪ್ವಾಡದ ಅಧ್ಯಯನದಲ್ಲಿ ತೋರಿಸಿದರು: ಅಲ್ಲಿನ ಕನ್ನಡ, ಮರಾಠಿ, ಉರ್ದುಗಳಲ್ಲಿ ಪದಗಳು ಬೇರೆಬೇರೆ ಉಳಿದವು, ವಾಕ್ಯದ ಹಂದರ ಮಾತ್ರ ಒಂದಕ್ಕೊಂದು ಹತ್ತಿರವಾಯಿತು.

ಆದರೆ ಗಡಿ ಎಳೆಯುವವರಿಗೆ ಬೇಕಾದದ್ದು ಈ ಬೆರಕೆಯಲ್ಲ, ಮನೆಮಾತಿನ ಲೆಕ್ಕ. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆ ಮೈಸೂರು ರಾಜ್ಯ (ಇಂದಿನ ಕರ್ನಾಟಕ) ಸೇರಿತು. 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಅಫಜಲಪುರದ ನೆರೆಯ ಅಕ್ಕಲಕೋಟೆಯೂ ಇತ್ತ ಸೇರಲಿ ಎಂದಿತು. ಆ ಶಿಫಾರಸು ಜಾರಿಯಾಗಲಿಲ್ಲ. ಅಕ್ಕಲಕೋಟೆಯ ಕನ್ನಡಿಗರು ಇಂದಿಗೂ ಮಹಾರಾಷ್ಟ್ರದಲ್ಲಿದ್ದಾರೆ.